ಹಾಲು ಒಡೆಯದ ನಿಂಬೆ ಐಸ್ ಕ್ರೀಂ

ವಿಜಯಪುರದ ಬೇಸಿಗೆಗೆ ಕೆನೆ ತುಂಬಿದ ಐಸ್ ಕ್ರೀಂ ಭಾರ. ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಹತ್ತಿರದಲ್ಲೇ ಸಿಗುವಾಗ ಬರೀ ಹಾಲಿನಲ್ಲಿ ಹಗುರವಾದ ಐಸ್ ಕ್ರೀಂ ಮಾಡಬೇಕೆಂಬುದು ನನ್ನ ಹಟ. ಆದರೆ ರಸ ಬಿದ್ದೊಡನೆ ಹಾಲು ಒಡೆಯುತ್ತಿತ್ತು. ಒಡೆಯದೆ ಉಳಿದದ್ದು ಫ್ರೀಜರ್‌ನಲ್ಲಿ ಕಲ್ಲಾಗುತ್ತಿತ್ತು.

ದಾರಿ ತೋರಿಸಿದ್ದು ಸಿಪ್ಪೆ. ನಿಂಬೆಯ ಪರಿಮಳ ಬಹುಪಾಲು ಇರುವುದು ಸಿಪ್ಪೆಯ ಎಣ್ಣೆಯಲ್ಲಿ; ಹಾಲನ್ನು ಒಡೆಯುವ ಹುಳಿ ರಸದಲ್ಲಿ. ಹಾಗಾಗಿ ಈಗ ಅರ್ಧ ಲೀಟರ್ ಹಾಲಿಗೆ 120 ಗ್ರಾಂ ಸಕ್ಕರೆ, 2 ಚಮಚ ಕಾರ್ನ್‌ಫ್ಲೋರ್ ಕದಡಿ, ಗಟ್ಟಿಯಾಗುವವರೆಗೆ ಕುದಿಸುತ್ತೇನೆ. ಒಲೆ ಆರಿಸಿದ ಮೇಲೆ 2 ನಿಂಬೆಯ ಹಸಿರು-ಹಳದಿ ಹೊರಸಿಪ್ಪೆಯನ್ನಷ್ಟೇ ತುರಿದು ಹಾಕುತ್ತೇನೆ. ಒಳಗಿನ ಬಿಳಿ ಪದರ ಬೇಡವೇ ಬೇಡ, ಕಹಿ.

ಮಿಶ್ರಣ ಫ್ರಿಜ್‌ನಲ್ಲಿ ಪೂರ್ತಿ ತಣ್ಣಗಾದ ಮೇಲೆಯೇ 3 ಚಮಚ ರಸ. ಬಿಸಿಯಲ್ಲಿ ಹುಳಿಗೆ ಹಾಲು ಬೇಗ ಒಡೆಯುತ್ತದೆ. ತಣ್ಣಗಿದ್ದು ಪಿಷ್ಟದಿಂದ ಗಟ್ಟಿಯಾಗಿದ್ದರೆ ನಯವಾಗಿಯೇ ಉಳಿಯುತ್ತದೆ.

ಸಕ್ಕರೆ ಕಡಿಮೆ ಮಾಡಬೇಡಿ. ಅದು ಸಿಹಿಗಷ್ಟೇ ಅಲ್ಲ, ನೀರು ಹೆಪ್ಪುಗಟ್ಟುವ ಉಷ್ಣಾಂಶವನ್ನೂ ಇಳಿಸಿ ಐಸ್ ಕ್ರೀಮನ್ನು ಮೃದುವಾಗಿಡುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಅಂಚಿನ ಹರಳುಗಳನ್ನು ಒಡೆದು ಕಲಸಬೇಕು. ಕರೆಂಟ್ ಹೋದರೆ ಫ್ರೀಜರ್ ಬಾಗಿಲು ತೆರೆಯದಿರುವುದು ಲೇಸು.

ಕಿತ್ತಳೆಗೂ ಇದೇ ವಿಧಾನ ಒಗ್ಗುತ್ತದೆ. ಅದರ ರಸ ಹೆಚ್ಚು ಬೇಕಾಗುವುದರಿಂದ ಮೊದಲು ಅರ್ಧಕ್ಕೆ ಇಂಗಿಸಿ, ಆರಿಸಿ ಬೆರೆಸಿ.