ಗುಳುಮುಳುಕ ಅಲ್ಲ, ಕಾಟನ್ ಟೀಲ್

ಕಿತ್ತೂರಿನ ಹತ್ತಿರ ನಮ್ಮೂರ ಕೆರೆ ಏರಿ ಮೇಲೆ ದಿನಾ ಹಾಲಿನ ಕ್ಯಾನ್ ಹೇರಿಕೊಂಡು ಹೋಗುತ್ತೇನೆ. ಎರಡು ಮಳೆಗಾಲ ಅಲ್ಲಿ ತೇಲುತ್ತಿದ್ದ ಪುಟ್ಟ ಹಕ್ಕಿಗಳನ್ನು, ನೀರಲ್ಲಿ ಮುಳುಗಿ ಏಳುವ ಗುಳುಮುಳುಕ ಅಂದುಕೊಂಡೇ ದಾಟಿದ್ದೆ. ಒಂದು ದಿನ ಅಣ್ಣನ ಮಗ ಬೈಕಿನ ಹಿಂದೆ ಕೂತಿದ್ದ. "ಕಾಕಾ, ಇವು ಮುಳುಗೋದೇ ಇಲ್ಲಲ್ಲ?" ಅಂದ. ಬೈಕ್ ನಿಲ್ಲಿಸಿದೆ.

ಅವು ಕಾಟನ್ ಪಿಗ್ಮಿ ಗೂಸ್, ಕಾಟನ್ ಟೀಲ್ ಅಂತಲೂ ಕರೆಯುತ್ತಾರೆ. ಜಗತ್ತಿನ ಅತಿ ಚಿಕ್ಕ ಬಾತುಗಳಲ್ಲಿ ಒಂದು. ಕೊಕ್ಕು ಮಾತ್ರ ಹೆಬ್ಬಾತಿನದರಂತೆ ಮೋಟು.

ಹುಡುಗನ ಪರೀಕ್ಷೆಯನ್ನೇ ಮೊದಲು ಮಾಡಿ. ಎರಡು ನಿಮಿಷ ಸುಮ್ನೆ ನೋಡಿ. ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುತ್ತದೆ. ಇದು ತಾವರೆ ಎಲೆಗಳ ನಡುವೆ ತೇಲುತ್ತಾ ಬೀಜ, ಚಿಗುರು, ಹುಳ ಹೆಕ್ಕುತ್ತದೆ. ಉದ್ದ ಸುಮಾರು 30 ಸೆಂಟಿಮೀಟರ್. ಆದರೆ ನೀರಲ್ಲಿ ಒಂಟಿಯಾಗಿದ್ದರೆ ಅಳತೆ ಮೋಸ ಮಾಡುತ್ತದೆ. ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿ ನಾಮದ ಕೋಳಿ ಪಕ್ಕಕ್ಕೆ ಬರಲಿ, ಅದರ ಮುಂದೆ ಇದು ಮರಿಯಂತೆ ಕಾಣುತ್ತದೆ.

ಮಳೆಗಾಲದಲ್ಲಿ ಗಂಡನ್ನು ಗುರುತಿಸುವುದು ಸುಲಭ. ಬಿಳಿ ಮುಖ, ಕಪ್ಪು ಟೋಪಿ, ಕೊರಳಿಗೆ ಕಪ್ಪು ಪಟ್ಟಿ, ಬಿಸಿಲು ಬಿದ್ದರೆ ಹಸಿರು ಹೊಳೆಯುವ ಬೆನ್ನು. ಹೆಣ್ಣು ಕಂದು, ಕಣ್ಣಿಗೆ ಅಡ್ಡಲಾಗಿ ಕಾಡಿಗೆ ಎಳೆದಂತೆ ಗೆರೆ. ಮಳೆಗಾಲ ಮುಗಿದ ಮೇಲೆ ಗಂಡೂ ಹೆಣ್ಣಿನಂತೆ ಮಾಸುತ್ತದೆ, ನಾನು ಜಾಸ್ತಿ ಎಡವಿದ್ದು ಅಲ್ಲೇ. ಆಗ ಹಾರುವವರೆಗೆ ಕಾಯಬೇಕು. ಗಂಡಿನ ರೆಕ್ಕೆಯ ದಪ್ಪ ಬಿಳಿ ಪಟ್ಟಿ ವರ್ಷವಿಡೀ ಇರುತ್ತದೆ. ಹೆಣ್ಣಿಗೆ ರೆಕ್ಕೆಯ ಹಿಂಬದಿಯಲ್ಲಿ ಸಣ್ಣ ಬಿಳಿ ಅಂಚು ಅಷ್ಟೇ. ಎಬ್ಬಿಸಲು ಕಲ್ಲು ಮಾತ್ರ ಎಸೆಯಬೇಡಿ. ಹಾರುವಾಗ ಗಂಡು ಕರಕರ ಅಂತ ಕೂಗುತ್ತದೆ, ಒಮ್ಮೆ ಕೇಳಿದರೆ ಮುಂದೆ ಕಿವಿಯೇ ಸಾಕು.

ಗೂಡಿಗಾಗಿ ನಾನು ಜೊಂಡಿನಲ್ಲಿ ಮೊಣಕಾಲುದ್ದ ಕೆಸರು ತುಳಿದು ಒಂದಿಡೀ ಮಳೆಗಾಲ ಹುಡುಕಿದ್ದೆ. ಚಪ್ಪಲಿ ಹೋಯಿತು, ಗೂಡು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಇದು ಮೊಟ್ಟೆ ಇಡುವುದು ನೀರಿನ ಹತ್ತಿರದ ಮರದ ಪೊಟರೆಯಲ್ಲಿ! ಸಾಮಾನ್ಯವಾಗಿ 6ರಿಂದ 12 ಮೊಟ್ಟೆ. ಮರಿಗಳು ಅಲ್ಲಿಂದ ಕೆಳಕ್ಕೆ ಜಿಗಿಯುತ್ತವೆ.

ಬೆಳಗ್ಗೆ ಹೋದರೆ ಸೂರ್ಯ ಬೆನ್ನಿಗಿರುವಂತೆ ನಿಲ್ಲಿ, ಇಲ್ಲದಿದ್ದರೆ ಹಸಿರೆಲ್ಲ ಕಪ್ಪಾಗಿ ಕಾಣುತ್ತದೆ. ಹೆಣ್ಣು ಮತ್ತೆ ಮತ್ತೆ ಒಂದೇ ಪೊಟರೆಗೆ ನುಗ್ಗುತ್ತಿದ್ದರೆ ಹತ್ತಿರ ಹೋಗಬೇಡಿ. ನಾನು ಈಗ ತೂಬಿನ ಬಳಿಯೇ ಬೈಕ್ ನಿಲ್ಲಿಸುತ್ತೇನೆ. ಡೇರಿಗೆ ಹಾಲು ಹತ್ತು ನಿಮಿಷ ತಡವಾಗುತ್ತದೆ.