32 ಅಂದ್ರೆ ಯಾವ 32?

ಅಜ್ಜನ ರಿವಾಲ್ವರ್ ಬಗ್ಗೆ ಲೈಸೆನ್ಸ್ ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ‘.32 ರಿವಾಲ್ವರ್’, ಪಕ್ಕದಲ್ಲಿ ಒಂದು ನಂಬರು. ‘.32’ ಅಂದರೆ ಹೆಚ್ಚುಕಮ್ಮಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅದನ್ನು ಸಿರುಗುಪ್ಪದ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಠಾಣೆಯಲ್ಲಿ ಜಮೆ ಮಾಡಿದೆ. ಬಳ್ಳಾರಿ ಡಿಸಿ ಆಫೀಸಿಗೆ ಓಡಾಡಿ, ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ಬಿಡಿಸಿಕೊಂಡೆ. ಆ ಓಡಾಟದ ಕಥೆ ಬೇಡ ಬಿಡಿ.

ಅಜ್ಜನ ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿಯೂ ಇತ್ತು. ಒಳಗೆ ಹಸಿರು ಕಿಲುಬು ಹಿಡಿದ ಏಳು ಗುಂಡುಗಳು. ಅಂಗಡಿಯಲ್ಲಿ ಕೊಟ್ಟ ಹೊಸ .32 ಗುಂಡನ್ನು ಪಕ್ಕಕ್ಕಿಟ್ಟರೆ ಅಜ್ಜನದು ಗಿಡ್ಡ. ದಪ್ಪ ಒಂದೇ, ಉದ್ದ ಬೇರೆ. ಅಲ್ಲಿಗೆ ನನ್ನ ಧೈರ್ಯ ಅರ್ಧ ಇಳಿಯಿತು.

ಪೊಲೀಸ್ ಇಲಾಖೆಯಲ್ಲಿ ಆರ್ಮರರ್, ಅಂದರೆ ಬಂದೂಕುಗಳ ರಿಪೇರಿ ನೋಡಿಕೊಳ್ಳುವವರು, ಆಗಿದ್ದು ನಿವೃತ್ತರಾದ ಒಬ್ಬ ಕಾಕಾ ನಮ್ಮ ಓಣಿಯಲ್ಲೇ ಇದ್ದಾರೆ. ಹೊಸ ಗುಂಡು ಒಳಗೆ ಸಲೀಸಾಗಿ ಕೂರುತ್ತೆ ಅಂದೆ. ಅವರು ನಕ್ಕರು. “ತಮ್ಮಾ, ಒಳಗ ಹೋಗ್ತದ ಅಂದ್ರ ಹೊಡೀಬೋದು ಅಂತಲ್ಲ. ಮೊದ್ಲು ಅಳತಿ ತಗಿ.”

ವಿಷಯ ಏನಂದರೆ, .32 ಸ್ಮಿತ್ ಅಂಡ್ ವೆಸನ್ ಎಂಬ ಗಿಡ್ಡ ಗುಂಡು 1878ರದು. ಕಪ್ಪು ಮದ್ದಿನ ಕಾಲದ್ದು. ಅದರ ಕೇಸಿನ, ಅಂದರೆ ಮದ್ದು ತುಂಬಿದ ಹಿತ್ತಾಳೆ ಕೊಳವೆಯ, ಉದ್ದ ಹದಿನೈದೂವರೆ ಮಿಲಿಮೀಟರ್. 1896ರಲ್ಲಿ ಬಂದ ‘ಲಾಂಗ್’ ಗುಂಡಿನ ಕೇಸು 23 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿಗೆ ಹಾಕುವುದೂ ಈ ಉದ್ದದ್ದೇ. ಗಿಡ್ಡದನ್ನು ಲಾಂಗ್ ರಿವಾಲ್ವರಿನಲ್ಲಿ ಹೊಡೆಯಬಹುದು. ಉಲ್ಟಾ ಮಾಡಿದರೆ ಹಳೇ ಕಬ್ಬಿಣ ಕೈಯಲ್ಲೇ ಸಿಡಿಯಬಹುದು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಅಳಿಯನ ವರ್ನಿಯರ್ ತಂದೆ. ಗುಂಡು ತುಂಬುವ, ತಿರುಗುವ ಸಿಲಿಂಡರಿನ ತೂತಿನೊಳಗೆ, ಕೇಸಿನ ಬಾಯಿ ಬಂದು ನಿಲ್ಲುವ ಕಡೆ ಒಂದು ಸಣ್ಣ ಮೆಟ್ಟಿಲು ಇರುತ್ತೆ. ಆರೂ ತೂತು ಅಳೆದೆ. ಮೆಟ್ಟಿಲು ಇಪ್ಪತ್ತಮೂರೂವರೆಯ ಹತ್ತಿರ. ಅಂದರೆ ಲಾಂಗೇ. ಅಜ್ಜ ಯಾವುದೋ ಕಾಲದಲ್ಲಿ ಸಿಕ್ಕಿದ ಗಿಡ್ಡ ಗುಂಡು ಕೊಂಡಿದ್ದಿರಬೇಕು.

ಆಮೇಲೆ ಗುರುತುಗಳು. ಸೀಮೆಎಣ್ಣೆ ಸವರಿ, ಹಳೇ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಟಾರ್ಚ್ ಅಡ್ಡ ಹಿಡಿದು ನೋಡಿದೆ. ರೆಕ್ಕೆ ಇರುವ ಗುಂಡಿನ ಚಿತ್ರ ಮೊದಲು ಕಂಡಿತು, ಅದು ಇಂಗ್ಲೆಂಡಿನ ಬಂದೂಕು ಕಂಪನಿ ವೆಬ್ಲಿಯ ಗುರುತು. ಪಕ್ಕದಲ್ಲಿ ‘ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್’. ಕಂಪನಿಗೆ ಆ ಹೆಸರು ಬಂದದ್ದು 1906ರಲ್ಲಿ, ಹಾಗಾಗಿ ಇದು ಅದಕ್ಕಿಂತ ಹಳೆಯದಲ್ಲ. ಸಿಲಿಂಡರಿನ ಮೇಲೆ ಕಿರೀಟ, ಕೆಳಗೆ ‘ಎನ್‌ಪಿ’. ಹೊಗೆಯಿಲ್ಲದ ಮದ್ದಿಗೆ, ಅಂದರೆ ಕಪ್ಪು ಮದ್ದಿಗಿಂತ ಜೋರಿರುವ ಈಗಿನ ಮದ್ದಿಗೆ, ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಆಗಿದೆ ಅನ್ನುವುದಕ್ಕೆ ಆ ಮುದ್ರೆ. ಅದನ್ನು ನೋಡಿದಾಗ ಉಸಿರು ಬಿಟ್ಟೆ.

ಆದರೆ ಆ ಮುದ್ರೆ ಬಿದ್ದದ್ದು ಅದು ಹೊಸದಿದ್ದಾಗ. ಇವತ್ತಿನ ಸ್ಥಿತಿ ಬೇರೆ, ಅಲ್ವಾ? ಕಾಕಾ ಖಾಲಿ ರಿವಾಲ್ವರನ್ನು ಹಿಡಿದು, ಸಿಲಿಂಡರಿಗೆ ಹೆಬ್ಬೆರಳು ಹಗುರಾಗಿ ತಾಗಿಸಿ, ಹ್ಯಾಮರನ್ನು ನಿಧಾನ ಎಳೆದರು. ಹ್ಯಾಮರ್ ಪೂರ್ತಿ ಹಿಂದೆ ಬರುವ ಹೊತ್ತಿಗೆ ಸಿಲಿಂಡರ್ ಕಟ್ ಅಂತ ಬಿಗಿಯಾಗಬೇಕು. ಐದು ತೂತಿಗೆ ಆಯಿತು, ನಾಲ್ಕನೆಯದಕ್ಕೆ ಆಗಲಿಲ್ಲ. ತೂತು ನಳಿಕೆಗೆ ನೇರ ನಿಲ್ಲದಿದ್ದರೆ ಗುಂಡು ಅಂಚಿಗೆ ಬಡಿಯುತ್ತೆ, ಸೀಸದ ಚೂರು ಪಕ್ಕಕ್ಕೆ ಹಾರುತ್ತೆ. “ಸುಮ್ನೆ ಸ್ವಲ್ಪ ಅರ ಹಾಕಿದ್ರೆ ಸರಿ ಹೋಗುತ್ತೆ” ಅಂದ ಲೇತ್‌ನವನೊಬ್ಬ. ಲೈಸೆನ್ಸ್ ಇರುವ ರಿಪೇರಿಯವರಿಗೇ ಕೊಟ್ಟೆ. ಸಿಲಿಂಡರನ್ನು ತಿರುಗಿಸುವ ಕೊಂಡಿ ಸವೆದಿತ್ತು, ಬದಲಾಯಿಸಿದರು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದನ್ನು ಟ್ರ್ಯಾಕ್ಟರ್ ಮೆಕ್ಯಾನಿಕ್‌ನ ಫೀಲರ್ ಗೇಜ್‌ನಲ್ಲಿ ನಾನೇ ನೋಡಿದೆ, 0.2 ಮಿಲಿಮೀಟರ್. ಪರವಾಗಿಲ್ಲ ಅಂದರು ಕಾಕಾ.

ಹೊಡೆದದ್ದು ಅನುಮತಿ ಪಡೆದ ರೇಂಜ್‌ನಲ್ಲಿ. ಮೊದಲ ಆರು ಗುಂಡು ಕೈಯಲ್ಲಿ ಹಿಡಿದು ಅಲ್ಲ. ರಿವಾಲ್ವರನ್ನು ಮರಳು ಮೂಟೆಗಳ ನಡುವೆ ಕಟ್ಟಿ, ಒಂದೊಂದೇ ಗುಂಡು ತುಂಬಿ, ಗೋಡೆಯ ಹಿಂದೆ ನಿಂತು ಹುರಿಯಿಂದ ಟ್ರಿಗರ್ ಎಳೆದೆ. ಪ್ರತಿ ಸಲ ಖಾಲಿ ಕೇಸು ತೆಗೆದು, ಸೀಳಿದೆಯಾ, ಉಬ್ಬಿದೆಯಾ, ಪ್ರೈಮರ್ (ಕೇಸಿನ ಹಿಂದೆ ಪೆಟ್ಟು ಬಿದ್ದು ಕಿಡಿ ಕೊಡುವ ಸಣ್ಣ ಬಿಲ್ಲೆ) ಚಪ್ಪಟೆಯಾಗಿದೆಯಾ ನೋಡಿದೆ. ಆರೂ ಚೆನ್ನಾಗಿದ್ದವು. ಆಮೇಲೆ ಕಣ್ಣಿಗೆ ಕನ್ನಡಕ, ಕಿವಿಗೆ ಮಫ್ ಹಾಕಿ ಕೈಗೆ ತೆಗೆದುಕೊಂಡೆ. ಸಿಲಿಂಡರಿನ ಪಕ್ಕದಿಂದ ಬಿಸಿ ಗಾಳಿ ಚಿಮ್ಮುತ್ತೆ, ಆದ್ದರಿಂದ ಬೆರಳು ಮುಂದಕ್ಕೆ ಹೋಗಬಾರದು, ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಹತ್ತು ಮೀಟರ್ ದೂರದಲ್ಲಿ ಆರರಲ್ಲಿ ನಾಲ್ಕು ಕಾಗದಕ್ಕೆ ಬಿದ್ದವು, ಎಲ್ಲವೂ ಎಡಕ್ಕೆ, ಕೆಳಗೆ. ತಪ್ಪು ವೆಬ್ಲಿಯದಲ್ಲ. ಅಜ್ಜನ ಕಿಲುಬು ಗುಂಡುಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಎರಡು ತಿಂಗಳಿಗೆ ಚುನಾವಣೆ ಬಂತು, ರಿವಾಲ್ವರ್ ಮತ್ತೆ ಠಾಣೆಗೆ ಜಮೆಯಾಯಿತು.