ಲೀಸ್ ಪತ್ರದ ಆ ಒಂದು ಪ್ಯಾರಾ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ

ಸನ್ನಿವೇಲ್ ಇರಲಿ, ಫ್ರೀಮಾಂಟ್ ಇರಲಿ, ನೀವು ಸಹಿ ಹಾಕುವ ಲೀಸ್ ಪತ್ರದಲ್ಲಿ, ಅಂದರೆ ಬಾಡಿಗೆ ಕರಾರಿನಲ್ಲಿ, ಒಂದು ಪ್ಯಾರಾ ಇದ್ದೇ ಇರುತ್ತದೆ: ನೋಂದಾಯಿತ ಲೈಂಗಿಕ ಅಪರಾಧಿಗಳ ವಿವರ ರಾಜ್ಯದ ನ್ಯಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ನೋಡಿಕೊಳ್ಳಿ ಅಂತ. ಮಾಲೀಕರು ಅದನ್ನು ಸೇರಿಸಲೇಬೇಕೆಂದು ಕಾನೂನೇ ಇದೆ. ಕೆಲವರು ಪಾರ್ಕಿಂಗ್, ನಾಯಿ-ಬೆಕ್ಕಿನ ನಿಯಮಗಳ ಜೊತೆ ಅದಕ್ಕೂ ಇನಿಷಿಯಲ್ ಹಾಕಿ ಮರೆತುಬಿಡುತ್ತಾರೆ. ಇನ್ನು ಕೆಲವರು ಅದೇ ರಾತ್ರಿ ಜಾಲತಾಣ ತೆರೆದು, ಮ್ಯಾಪಿನ ಮೇಲಿನ ಗುರುತುಗಳನ್ನು ನೋಡಿ ನಿದ್ದೆಗೆಟ್ಟು, ಬೆಳಗ್ಗೆ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ "ಈ ಏರಿಯಾ ಸೇಫಾ?" ಅಂತ ಕೇಳುತ್ತಾರೆ. ಶಾಲೆ ಶುರುವಾಗುವ ಹೊತ್ತಿಗಂತೂ ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಊರಿನಲ್ಲಿ ನಮಗೆ ಈ ಅಭ್ಯಾಸವಿಲ್ಲ. ಭಾರತದಲ್ಲೂ 2018ರಿಂದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವಿದೆ, ಆದರೆ ಅದನ್ನು ನೋಡುವವರು ಪೊಲೀಸರು ಮಾತ್ರ. ಕ್ಯಾಲಿಫೋರ್ನಿಯಾ 1947ರಲ್ಲೇ ಇಂಥವರ ನೋಂದಣಿ ಶುರುಮಾಡಿತ್ತು. ಆಗ ಅದು ಪೊಲೀಸರ ಕೈಯಲ್ಲಷ್ಟೇ ಇದ್ದ ಪಟ್ಟಿ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಮೇಗನ್ ಕಾಂಕಾ ಎಂಬ 7 ವರ್ಷದ ಹುಡುಗಿಯನ್ನು ಎದುರು ಮನೆಯವನು ಕೊಂದ. ಮಕ್ಕಳ ಮೇಲಿನ ಅಪರಾಧಕ್ಕೆ ಅವನಿಗೆ ಮೊದಲೇ ಶಿಕ್ಷೆಯಾಗಿತ್ತು. ಗೊತ್ತಿದ್ದರೆ ಮಗಳನ್ನು ಕಾಪಾಡಿಕೊಳ್ಳುತ್ತಿದ್ದೆವು ಎಂದು ಹೆತ್ತವರು ಪಟ್ಟು ಹಿಡಿದು ಹೋರಾಡಿದರು. 1996ಕ್ಕೆ, ಇಂಥವರ ವಿವರವನ್ನು ಜನರಿಗೂ ತಿಳಿಸಬೇಕೆನ್ನುವ ಮೇಗನ್ ಕಾನೂನು ಇಡೀ ದೇಶಕ್ಕೆ ಬಂತು. ಕ್ಯಾಲಿಫೋರ್ನಿಯಾದ ಜಾಲತಾಣ ತೆರೆದದ್ದು 2004ರ ಕೊನೆಯಲ್ಲಿ.

ಹೆಸರು, ಊರು ಅಥವಾ ಜಿಪ್ ಕೋಡ್ ಕೊಟ್ಟು ಹುಡುಕಬಹುದು. ಫೋಟೊ, ಯಾವ ಅಪರಾಧ ಎಂಬುದೆಲ್ಲ ಬರುತ್ತದೆ. ಒಂದು ಮಾತು ನೆನಪಿರಲಿ: ನೋಂದಣಿಯಾದವರೆಲ್ಲರೂ ಅಲ್ಲಿ ಕಾಣುವುದಿಲ್ಲ. ಕೆಲವರ ಪೂರ್ತಿ ವಿಳಾಸವಿರುತ್ತದೆ, ಕೆಲವರದು ಜಿಪ್ ಕೋಡ್ ಮಾತ್ರ, ಇನ್ನು ಕೆಲವರನ್ನು ಕಾನೂನೇ ಹೊರಗಿಟ್ಟಿದೆ. ಮನೆ ಬದಲಿಸಿದ 5 ಕೆಲಸದ ದಿನಗಳೊಳಗೆ ನೋಂದಣಿಯಾದವರು ಪೊಲೀಸರಿಗೆ ತಿಳಿಸಬೇಕು, ವರ್ಷಕ್ಕೊಮ್ಮೆ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮತ್ತೆ ಹಾಜರಾಗಬೇಕು. 2021ರಿಂದ ಅಪರಾಧದ ತೀವ್ರತೆ ನೋಡಿ ನೋಂದಣಿಯ ಅವಧಿಯನ್ನು ಕನಿಷ್ಠ 10 ವರ್ಷ, 20 ವರ್ಷ, ಇಲ್ಲವೇ ಜೀವನಪೂರ್ತಿ ಎಂದು ಮೂರು ಹಂತ ಮಾಡಿದ್ದಾರೆ. ಒಬ್ಬ ವ್ಯಕ್ತಿಯಿಂದ ಈಗಲೇ ಅಪಾಯವಿದೆ ಅನ್ನಿಸಿದರೆ ಪೊಲೀಸರು ಜಾಲತಾಣಕ್ಕೆ ಕಾಯದೆ ತಾವೇ ಅಕ್ಕಪಕ್ಕದವರಿಗೆ ತಿಳಿಸಬಹುದು. ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿನ ನಿಯಮ ಬೇರೆ ಎಂದು ತಿಳಿದಿರಿ. ಎಲ್ಲ ರಾಜ್ಯಗಳ ಪಟ್ಟಿಯನ್ನು ಒಟ್ಟಿಗೆ ಹುಡುಕಲು ಕೇಂದ್ರ ಸರ್ಕಾರದ ಜಾಲತಾಣವೂ ಇದೆ.

ಈಗ ನಮ್ಮವರು ಮಾಡುವ ಅಪಾಯದ ಕೆಲಸಕ್ಕೆ ಬರೋಣ: ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುವುದು. ದಯವಿಟ್ಟು ಬೇಡ. ಹೆಸರು, ಮುಖ ಹೋಲಬಹುದು, ಬೆರಳಚ್ಚು ಹೋಲಿಸದೆ ಗುರುತು ಖಚಿತವಲ್ಲ ಎಂದು ಆ ಜಾಲತಾಣವೇ ಎಚ್ಚರಿಸುತ್ತದೆ. ಅಲ್ಲಿನ ಮಾಹಿತಿ ಹಿಡಿದು ಯಾರನ್ನಾದರೂ ಬೆದರಿಸಿಯೋ ಕಿರುಕುಳ ಕೊಟ್ಟೋ ಅಪರಾಧವೆಸಗಿದರೆ, ಅದು ಸಣ್ಣ ಅಪರಾಧವಾದರೂ, ಮಾಮೂಲಿ ಶಿಕ್ಷೆಯ ಮೇಲೆ 10,000ದಿಂದ 50,000 ಡಾಲರ್ ದಂಡ. ದೊಡ್ಡದಾದರೆ ಹೆಚ್ಚುವರಿ 5 ವರ್ಷ ಜೈಲು. ವೀಸಾ ಮೇಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಸಲಹೆ ಇಷ್ಟೇ. ಮನೆ ಹಿಡಿಯುವ ಮುಂಚೆ ಒಮ್ಮೆ ನೋಡಿ. ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಏನಾದರೂ ಕಂಡರೆ ದಾರಿ ಬದಲಿಸಿ, ಆಮೇಲೆ ಜಾಲತಾಣ ಮುಚ್ಚಿಬಿಡಿ. ಆ ಮ್ಯಾಪಿನಲ್ಲಿರುವವರು ಸಿಕ್ಕಿಬಿದ್ದು ಶಿಕ್ಷೆಯಾದವರು. ಈ ದೇಶದಲ್ಲಿ ಇಂಥ ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಸುಮಾರು 90 ಶೇಕಡಾ ಮಕ್ಕಳಿಗೆ ಕೇಡು ಮಾಡಿದವರು ಪರಿಚಿತರೇ. ಕೋಚ್, ಟ್ಯೂಷನ್ ಮೇಷ್ಟ್ರು, ಕುಟುಂಬದ ಸ್ನೇಹಿತ, ನೆಂಟ. ನಾವೋ ಪಾಟ್‌ಲಕ್ ಊಟಕ್ಕೆ ಬಂದವರನ್ನೆಲ್ಲ ಮೊದಲ ದಿನವೇ ಅಂಕಲ್, ಆಂಟಿ ಮಾಡಿಬಿಡುತ್ತೇವೆ. "ಮಾಮಂಗೆ ಒಂದು ಮುತ್ತು ಕೊಡು ಪುಟ್ಟಾ" ಅಂತ ಮಗು ಹಿಂದೆ ಸರಿದರೂ ತಳ್ಳುತ್ತೇವೆ. ಮಗು ಬೇಡ ಅಂದರೆ ಬೇಡ. ಅಜ್ಜಿ ಬೇಜಾರು ಮಾಡಿಕೊಂಡರೆ ಒಂದು ನಮಸ್ಕಾರ ಮಾಡಿಸಿ, ಸಾಕು.

ಮನೆಗೆ ಬಂದು ಮಗು ನೋಡಿಕೊಳ್ಳುವವರನ್ನು ಗೊತ್ತುಮಾಡುವಾಗ ಟ್ರಸ್ಟ್‌ಲೈನ್‌ನಲ್ಲಿ ಹೆಸರಿದೆಯಾ ಎಂದು ಕೇಳಿ. ಅದು ಬೆರಳಚ್ಚಿನ ತಪಾಸಣೆ ಮುಗಿಸಿದವರ ರಾಜ್ಯದ ಪಟ್ಟಿ. "ಅವರು ನಮ್ಮ ಕಡೆಯವರೇ" ಎಂಬುದು ತಪಾಸಣೆಯಲ್ಲ.

ನಿಮ್ಮನ್ನೂ ಒಂದು ದಿನ ತಪಾಸಣೆ ಮಾಡುತ್ತಾರೆ, ಸಿಟ್ಟಾಗಬೇಡಿ. ಮಕ್ಕಳೊಂದಿಗೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ತಿಂಗಳಿಗೆ 16 ಗಂಟೆಗಿಂತ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಹೊತ್ತು ಮಕ್ಕಳ ಜೊತೆ ಇರುವ ಸ್ವಯಂಸೇವಕರಿಗೆ 2022ರಿಂದ ಹಿನ್ನೆಲೆ ತಪಾಸಣೆ, ತರಬೇತಿ ಎರಡೂ ಕಡ್ಡಾಯ. ಭಾನುವಾರ ಕನ್ನಡ ಕಲಿಸಲು ಒಪ್ಪಿದ ಎಷ್ಟೋ ಜನ "ನಮ್ಮನ್ನೇ ಅನುಮಾನಿಸ್ತೀರಾ?" ಎಂದು ಮುಖ ಗಂಟು ಹಾಕಿಕೊಳ್ಳುತ್ತಾರೆ. ಈ ತಪಾಸಣೆಗೆ ಯಂತ್ರದಲ್ಲಿ ಬೆರಳಚ್ಚು ಕೊಡುವುದಕ್ಕೆ ಲೈವ್ ಸ್ಕ್ಯಾನ್ ಅನ್ನುತ್ತಾರೆ, ಬೇರೇನೂ ಅಲ್ಲ. ಪುಟ್ಟ ಗಾಜಿನ ಮೇಲೆ ಒಂದೊಂದೇ ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿಗೆ ಹೊರಳಿಸುತ್ತಾರೆ. ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳಾದರೆ ಯಂತ್ರ ಒಪ್ಪುವುದಿಲ್ಲ, ಲೋಷನ್ ಹಚ್ಚಿ ಮತ್ತೆ ಒತ್ತಿಸುತ್ತಾರೆ. ಕೊಟ್ಟ ಫಾರ್ಮಿನಲ್ಲಿರುವ ಎಟಿಐ ಸಂಖ್ಯೆ (ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ) ಜೋಪಾನ, ಫಲಿತಾಂಶ ತಡವಾದರೆ ಅದೇ ಆಧಾರ.

ಮಗು ಏನಾದರೂ ಹೇಳಿತು ಅನ್ನಿ. ತನಿಖೆಗಿಳಿಯಬೇಡಿ, ಪದೇ ಪದೇ ಕೇಳಬೇಡಿ, ಆ ಮನುಷ್ಯನಿಗೆ ಫೋನ್ ಮಾಡಿ ಜಗಳವಾಡಲೂ ಬೇಡಿ. ಅಪಾಯ ಎದುರಿಗೇ ಇದ್ದರೆ ತುರ್ತು ಸಂಖ್ಯೆ 911. ಇಲ್ಲವಾದರೆ ನಿಮ್ಮ ಕೌಂಟಿಯ ಮಕ್ಕಳ ರಕ್ಷಣಾ ವಿಭಾಗ, ಅಥವಾ ದೇಶವ್ಯಾಪಿ ಚೈಲ್ಡ್‌ಹೆಲ್ಪ್ ಸಂಖ್ಯೆ 1-800-422-4453. ಶಿಕ್ಷಕರಿಗೋ ವೈದ್ಯರಿಗೋ ಹೇಳಿದರೆ ವರದಿ ಮಾಡುವುದು ಅವರ ಕಾನೂನುಬದ್ಧ ಕರ್ತವ್ಯ, "ನಿಮ್ಮಲ್ಲೇ ಇರಲಿ" ಎಂಬ ಮಾತು ಅಲ್ಲಿ ನಡೆಯದು. ಹಗಲು ಮಗುವನ್ನು ನೋಡಿಕೊಳ್ಳುವವರು ಊರಿಂದ ಬಂದ ಅತ್ತೆ-ಮಾವನಾದರೆ, ವಿಳಾಸವನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ, 911ಕ್ಕೆ ಕರೆ ಮಾಡಿದಾಗ "ಕನ್ನಡ" ಎಂದು ಹೇಳಿ ದುಭಾಷಿ ಕೇಳಲು ಒಮ್ಮೆ ಕಲಿಸಿಕೊಡಿ.